ಅಚ್ಚು

ಗಂಜಿಗಿಂತ ಗಟ್ಟಿ, ಕಣಕಕ್ಕಿಂತ ತೆಳು:
ಜಿಪ್ಸಮ್ ಕಲಸುವ ಹದ ಅದು. ಅಷ್ಟೇ ನನ್ನ ವಿದ್ಯೆ.
ಮಾಸ್ಕೋದ ಹೊರಗೊಂದು ಕಾರ್ಖಾನೆ, ಫೆಬ್ರವರಿ,
ಕಿಟಕಿಯ ಒಳಮೈಗೂ ಮಂಜುಗಡ್ಡೆ.
ಅದುವರೆಗೆ ಗಂಡಸರ ಬೆನ್ನಿನ ಅಚ್ಚನ್ನೇ ತೆಗೆದಿದ್ದೆ,
ವಿಮಾನ ಹಾರಿಸುವವರು, ಹಲಗೆಯಂಥವರು.
ಆ ವಾರ ನಾಲ್ವರು ಹೆಂಗಸರು ಬಂದರು.

ಗ್ಲಾಫಿರಾ ಮೂರನೆಯವಳು. ನೂಲಿನ ಗಿರಣಿಯವಳು,
ಭಾನುವಾರ ಬಂದರೆ ವಿಮಾನದಿಂದ ಧುಮುಕಿ
ಯಾರದೋ ಆಲೂಗಡ್ಡೆ ಹೊಲದಲ್ಲಿ ಇಳಿಯುತ್ತಿದ್ದಳಂತೆ.
"ಮಲಗಮ್ಮ" ಅಂದೆ. ತೊಟ್ಟಿಯಲ್ಲಿ ಮಲಗಿದಳು
ಮಂಡಿ ಮಡಚಿ,
ಹುಟ್ಟುವ ಮೊದಲು ನಾವೆಲ್ಲ ಮಲಗಿದ್ದ ಹಾಗೆ.

ಎಂಜಿನಿಯರ್ ಬಗ್ಗಿ ನೋಡಿದ.
"ಸೊಂಟದ ಹತ್ತಿರ ಇಷ್ಟು ಅಗಲವೇ?
ನಕ್ಷೆಯಲ್ಲಿ ಜಾಗವಿಲ್ಲ."
"ಹಾಗಾದರೆ ನಕ್ಷೆ ತಿದ್ದಿ" ಅಂದೆ.
ಬೆನ್ನ ಕೆಳಗೆ ಹಸಿ ಹಿಟ್ಟು ಅಲುಗುವಷ್ಟು ನಕ್ಕಳು;
ಮತ್ತೆ ಮೊದಲಿನಿಂದ ಸುರಿಯಬೇಕಾಯಿತು.

ಗಟ್ಟಿಯಾಗುವಾಗ ಅದು ಬಿಸಿಯಾಗುತ್ತದೆ.
ಹೇಳಲು ಮರೆತಿದ್ದೆ.
"ಅಯ್ಯೋ, ಇದಕ್ಕೆ ಜೀವವಿದೆ" ಅಂದಳು, ಆದರೂ ಅಲುಗಲಿಲ್ಲ.
ಹದಿನೈದು ನಿಮಿಷ, ಚಾವಣಿಯ ಜೊತೆ ಮಾತು:
ಅಮ್ಮನಿಗೆ ಹೊಲಿಗೆ ತರಬೇತಿ ಅಂತ ಸುಳ್ಳು ಹೇಳಿ ಬಂದದ್ದು,
ಮಗ್ಗಗಳ ಸದ್ದಿನಲ್ಲಿ ಕಿವಿ ಕೆಲಸಕ್ಕೆ ಬಾರದೆ
ಗೆಳತಿಯರ ತುಟಿ ನೋಡಿ ಮಾತು ಓದಲು ಕಲಿತದ್ದು.
"ಮೇಲೆ ಸದ್ದೇ ಇಲ್ಲವಂತಲ್ಲ.
ನನಗೆ ಅಭ್ಯಾಸವಿದೆ."

ಎದ್ದಮೇಲೆ ತನ್ನದೇ ಬೆನ್ನನ್ನು ಬಗ್ಗಿ ನೋಡಿದಳು,
ಮೊದಲ ಸಲ.
ಎಡ ಭುಜದ ಕೆಳಗಿನ ಗುಳಿಗೆ ಬೆರಳಿಟ್ಟು
"ಇದು ಯಾರದು?" ಅಂದಳು.

ನಾಲ್ವರಲ್ಲಿ ಒಬ್ಬಳು ಹೋಗಿಬಂದಳು.
ಹೂಗುಚ್ಛ, ಪೆರೇಡು, ಅಂಚೆಚೀಟಿ.
ಉಳಿದವರಿಗೆ ಮುಂದಿನ ಸಲ ಅಂದರು.
ಓಡಿದರು, ಗಿರಗಿರ ತಿರುಗುವ ಯಂತ್ರದಲ್ಲಿ ವಾಂತಿ ಮಾಡಿಕೊಂಡರು,
ಪಾಠ ಬರೆದರು, ಮದುವೆ ಮುಂದೂಡಿದರು.
ಆಮೇಲೊಂದು ಎಲೆಯುದುರುವ ದಿನ
ಕಾಗದಕ್ಕೆ ಸಹಿ ಹಾಕಿಸಿಕೊಂಡು ಬಸ್ಸು ಹತ್ತಿಸಿದರು.
ಗಾಜಿನ ಹಿಂದಿನಿಂದ ಗ್ಲಾಫಿರಾ
ನನ್ನನ್ನೇ ನೋಡಿ ಏನೋ ಅಂದಳು, ನಿಧಾನವಾಗಿ,
ಎರಡು ಸಲ.
ನನಗೆ ತುಟಿ ಓದಲು ಬಾರದು.

ಅಚ್ಚುಗಳನ್ನು ಒಡೆಯಿರಿ ಅಂತ ಚೀಟಿ ಬಂತು.
ಒಡೆದೆ, ಸಂಬಳದವಳು.
ಲೆಕ್ಕದ ಪುಸ್ತಕದಲ್ಲಿ ನಾಲ್ಕು ಅಂತ ಬರೆದೆ.
ಸುತ್ತಿಗೆ ಬಿದ್ದದ್ದು ಮೂರರ ಮೇಲೆ.

ಈಗ ಅದು ನನ್ನ ಸೌದೆ ಕೋಣೆಯಲ್ಲಿದೆ,
ಸ್ಕೀಗಳ ಹಿಂದೆ, ಹಳೆಯ ಕಂಬಳಿಯ ಕೆಳಗೆ.
ತೇವಕ್ಕೆ ಅಂಚು ಉದುರುತ್ತಿದೆ, ಭುಜದ ಗುಳಿ ಮಾಸಿದೆ.
ಈ ವಸಂತದಲ್ಲಿ ಪಕ್ಕದ ಮನೆಯ ಬೆಕ್ಕು
ಹುಡುಕಿ ಹುಡುಕಿ ಅದರೊಳಗೇ ಮರಿ ಹಾಕಿದೆ,
ಸೊಂಟದ ಹತ್ತಿರ,
ಅಗಲವಾದ ಕಡೆ.