ಎಲ್ಲಿ ಬೇನೆ

ಬಸ್ಸು ಕುಟ್ಟದವರೆಗೆ ಬಂದು ತಿರುಗಿಕೊಳ್ಳುತ್ತದೆ.
ಆಚೆ ಒಂದು ಚೆಕ್‌ಪೋಸ್ಟು, ಬಿದಿರು, ಕೇರಳ.
ಟ್ರಂಕು ಇಳಿಸುತ್ತ ಕಂಡಕ್ಟರು ಕೇಳಿದ, "ಟೀಚರಾ?"
ಅಲ್ಲ ಅಂದೆ. ಮತ್ತೇನು ಅಂತ ಹೇಳಲಿಲ್ಲ.
ಇನ್ನೂ ಏನೂ ಆಗಿರಲಿಲ್ಲವಲ್ಲ.

ಎಂಟು ವಾರದ ಪೋಸ್ಟಿಂಗು.
ಆರು ಮಂಚ, ಸದಾ ತೊಟ್ಟಿಕ್ಕುವ ನಲ್ಲಿ,
ಗೋಡೆಗೆ ವಿಷದ ಹಾವುಗಳ ಪಟ. ಅದರಲ್ಲಿ ನಾಲ್ಕು.
ಐದನೆಯದನ್ನು ಯಾರೋ ಪೆನ್ನಲ್ಲಿ ಸೇರಿಸಿದ್ದಾರೆ:
ರೈಟರು.
ಡಾಕ್ಟರಿಗೆ ವಾರದಲ್ಲಿ ಮೂರು ದಿನ ಮೀಟಿಂಗು.
ಉಳಿದಂತೆ ಸಿಸ್ಟರ್ ದೇಚಮ್ಮ, ಮಾತ್ರೆ ಎಣಿಸುವ ಮೊಯಿದು,
ಮತ್ತೆ ನಾನು, ಕಿಸೆಯಲ್ಲಿ ಡೋಸುಗಳ ಪುಟ್ಟ ಪುಸ್ತಕ,
ಗೋಡೆಗೆ ತಿರುಗಿ ಅದನ್ನು ಕದ್ದು ನೋಡುವವಳು.

ಊರು ಮಸ್ಕಿ. ಓದು ಮೈಸೂರು.
ಎರಡನೇ ವರ್ಷ, ವಾರ್ಡಿನ ಮೊದಲ ದಿನ,
"ಹೊಟ್ಟಿ ಬ್ಯಾನಿ ಯಾವಾಗಿಂದ ಐತ್ರಿ?" ಎಂದು ಕೇಳಿದ್ದೆ.
ಇಡೀ ಬ್ಯಾಚು ನಕ್ಕಿತು. ರೋಗಿಯೂ.
ಅವತ್ತೇ ಆ ಪದವನ್ನು ಟ್ರಂಕಿನ ತಳಕ್ಕೆ,
ಶೇಂಗಾ ಚಟ್ನಿ ಡಬ್ಬಿಯ ಅಡಿಗೆ ತಳ್ಳಿದೆ.
ಆಮೇಲೆಲ್ಲ ನೋವು.
ಚಂದದ ಪದ, ಇಸ್ತ್ರಿ ಮಾಡಿದ ಕೋಟಿನಂಥದು.

ಇಲ್ಲಿ ಮೊದಲ ಸೋಮವಾರ ಅಜ್ಜಿಯೊಬ್ಬರು
ತಲೆಯ ವಸ್ತ್ರದ ಮೇಲೆ ಅಂಗೈಯಿಟ್ಟು
"ಮಂಡೆ ಬೇನೆ" ಅಂದರು.
ನಾನು ಬಿಪಿ ಪಟ್ಟಿ ಕೈಯಲ್ಲಿ ಹಿಡಿದೇ ನಿಂತೆ.
ಮಧ್ಯಾಹ್ನ ಪುತ್ತೂರಿನ ಲಾರಿ ಡ್ರೈವರು, "ಬಂಜಿ ಬೇನೆ."
ಮೊಯಿದುಗೆ ಮಾತ್ರ ಅದು ವೇದನ,
ಹಳೆಯ ಕವಿತೆಯೊಂದರಿಂದ ಎದ್ದು ಬಂದ ಹಾಗೆ.
ರಾತ್ರಿ ರೂಮಿನಲ್ಲಿ ಚಟ್ನಿ ಡಬ್ಬಿ ತೆಗೆದೆ.
ಚಟ್ನಿ ಮುಗಿದಿತ್ತು. ಪದ ಹಾಗೇ ಇತ್ತು.

ಮೆಣಸು ಕೊಯ್ಲಿನ ತಿಂಗಳು.
ಏಣಿಯಿಂದ ಬಿದ್ದವರು, ಹಿಮ್ಮಡಿ ಒಡೆದುಕೊಂಡವರು,
ಒಬ್ಬ ಬೀಳುವಾಗಲೂ ಚೀಲ ಬಿಟ್ಟಿರಲಿಲ್ಲ,
ಹಸಿಮೆಣಸಿನ ಗೊಂಚಲು ಸ್ಟ್ರೆಚರಿನ ತುಂಬ.

ಚೋಮಿ ಬಿದ್ದಿರಲಿಲ್ಲ.
ಹತ್ತೊಂಬತ್ತು. ಎರವರ ಹುಡುಗಿ. ಲೈನು ಮನೆ.
ಜೀಪಿನಲ್ಲಿ ಕರೆತಂದ ರೈಟರು ಬಾಗಿಲಲ್ಲೇ ನಿಂತು,
"ಕೆಲಸ ತಪ್ಪಿಸೋ ನಾಟಕ. ಸೂಜಿ ಚುಚ್ಚಿ, ಸರಿಹೋಗ್ತಾಳೆ."
ತಿಂಗಳಲ್ಲಿ ಇದು ಮೂರನೇ ಸಲ.
ಹಳೆಯ ಚೀಟಿ ತೆಗೆದೆ: ಮೈಕೈ ನೋವು, ಪ್ಯಾರಾಸಿಟಮಾಲ್.
ಇನ್ನೊಂದು: ಮೈಕೈ ನೋವು, ಪ್ಯಾರಾಸಿಟಮಾಲ್.
ಎರಡನೆಯದರ ಅಕ್ಷರ
ನನ್ನದು.

ದೇಚಮ್ಮ ರೈಟರಿಗೆ ಹೊರಗಿನ ಬೆಂಚು ತೋರಿಸಿದಳು.
ನಾನು ಪೆನ್ನು ಮುಚ್ಚಿ, ಮಸ್ಕಿಯವಳಾಗಿ ಕೇಳಿದೆ,
"ಎಲ್ಲಿ ಬೇನೆ?"
ತಲೆಯೆತ್ತಿದಳು. ಕಣ್ಣಿನ ಬಿಳಿಯಲ್ಲಿ ಅರಿಸಿನ.
ಮೊಣಕಾಲು ತೋರಿಸುತ್ತಾಳೆ, ಸೊಂಟ ತೋರಿಸುತ್ತಾಳೆ ಅಂತ ಕಾದೆ.
"ಅಣ್ಣನಲ್ಲಿ ಇತ್ತು," ಅಂದಳು.
"ಅವ ಹೋದ. ಈಗ ನನ್ನಲ್ಲಿ."

ಪಾಠದಲ್ಲಿ ಅದು ಅರ್ಧ ಪುಟ, ಐದು ಅಂಕ.
ರಕ್ತ ಮಡಿಕೇರಿಗೆ ಹೋಯಿತು, ಒಂಬತ್ತು ದಿನಕ್ಕೆ ಕಾಗದ ಬಂತು.
ಹೇಳುವುದು ಹೇಗೆಂದು ತಿಳಿಯದೆ ಚೀಟಿಯ ಹಿಂದೆ
ಚಿತ್ರ ಬರೆದೆ: ದುಂಡನೆಯ ಕಣ, ಪಕ್ಕದಲ್ಲಿ
ಬಾಗಿದ, ಚೂಪಾದ, ಕುಡುಗೋಲಿನಂಥ ಕಣ.
ಚೋಮಿ ಅದನ್ನು ಬಹಳ ಹೊತ್ತು ನೋಡಿದಳು.
"ಕತ್ತಿ ತೋಟದ್ದು, ಸಂಜೆ ವಾಪಸ್ ಕೊಡಬೇಕು.
ಇದು ನಮ್ಮದೇನಾ?"
ನಗುತ್ತಿದ್ದಳೋ ಏನೋ. ನನಗೆ ಗೊತ್ತಾಗಲಿಲ್ಲ.

ನನ್ನ ಕೊನೆಯ ವಾರ. ಹೊರಗೆ ತೋಟವೆಲ್ಲ ಹೂ ಬಿಟ್ಟು
ಘಮಕ್ಕೆ ನನಗೆ ಸೀನೋ ಸೀನು.
ಬರೆದುಕೊಟ್ಟೆ: ದಿನಕ್ಕೊಂದು ಫೋಲಿಕ್ ಆಸಿಡ್,
ತುಂಬ ನೀರು. ಚಳಿಗೆ ಮೈಯೊಡ್ಡಬಾರದು,
ತೊರೆಯಲ್ಲಿ ಮೀಯಬಾರದು, ಬಿಸಿನೀರೇ ಆಗಬೇಕು.
ಚೋಮಿ ಎಲ್ಲಕ್ಕೂ ತಲೆಯಾಡಿಸಿದಳು.
ಬೆಂಚಿನಿಂದ ರೈಟರು ಕೇಳಿದ, ಕುಹಕವೇನಿರಲಿಲ್ಲ,
ನಿಜಕ್ಕೂ ತಿಳಿಯಬೇಕೆಂಬಂತೆ:
"ಸೌದೆ ಯಾರು ಕೊಡ್ತಾರೆ, ಡಾಕ್ಟರೇ?"

ಕಿಸೆಗೆ ಕೈ ಹೋಯಿತು, ಅಭ್ಯಾಸಬಲ.
ಪುಟ್ಟ ಪುಸ್ತಕದಲ್ಲಿ
ಸೌದೆಯ ಡೋಸು ಇರಲಿಲ್ಲ.