ಮೂರು ಯೂನಿಟ್ಟು

ಮುಳ್ಳುಸೋಗೆಯ ನಮ್ಮ ಬಡಾವಣೆಯ ಮೂಲೆಯಲ್ಲಿ
ಆ ಹಲಗೆ ಇನ್ನೂ ನಿಂತಿದೆ, ಒಂದು ಕಾಲು ಮುರಿದು:
'ಮೈಸೂರಿಗೆ ಎರಡು ಗಂಟೆ, ಮಡಿಕೇರಿಗೆ ಮುಕ್ಕಾಲು,
ಕುಶಾಲನಗರ ಬಸ್‌ಸ್ಟ್ಯಾಂಡು ನಡೆದರೆ ಹತ್ತೇ ನಿಮಿಷ.
ಉತ್ತಮ ಸಂಪರ್ಕ.'
ನಡೆದವರಿಗೆ ಗೊತ್ತು, ಇಪ್ಪತ್ತೈದು.

ನಾನು ಮೀಟರು ಓದುವವನು.
ಹೆಗಲಿಗೆ ಬಿಲ್ಲಿನ ಯಂತ್ರ, ನಾಯಿಗಳಿಗೆಂದು ಕಾಫಿ ಗಿಡದ ಕೋಲು.
ಹನ್ನೊಂದು ವರ್ಷದಿಂದ ಇಲ್ಲಿಯ ಜನರನ್ನು
ಗೋಡೆಯ ಹೊರಗಡೆಯಿಂದ ಬಲ್ಲೆ.

ಮೊದಲು ಇದೆಲ್ಲ ಗದ್ದೆ. ಒಂದು ಮೀಟರು ಈಗಲೂ
ಸತ್ತುಹೋದವರ ಪಂಪ್‌ಸೆಟ್ಟಿನ ಹೆಸರಲ್ಲೇ ಇದೆ,
ಅದರಲ್ಲಿ ಬ್ಯೂಟಿ ಪಾರ್ಲರು ಓಡುತ್ತದೆ.
ಮುದ್ದವ್ವ ಟೀಚರು ಬಾಗಿಲು ತೆಗೆಯುವುದಿಲ್ಲ,
ಒಳಗಿಂದಲೇ ರೀಡಿಂಗು ಕೂಗುತ್ತಾರೆ. ಒಂದು ಸಲವೂ ತಪ್ಪಿಲ್ಲ.
ಪೆಮಾ ಡೋಲ್ಕರ್ ಚಳಿಗಾಲಕ್ಕೆ ಸ್ವೆಟರು ಮಾರಲು
ಹುಬ್ಬಳ್ಳಿ ಕಡೆ ಹೋದರೆ
ಅವಳ ಮೀಟರು ಫ್ರಿಜ್ಜಿನಷ್ಟೇ ಉಸಿರಾಡುತ್ತದೆ.
ಬಿಪುಲ್ ಬೋರೊ ಮತ್ತವನ ಆರು ಹುಡುಗರಿಗೆ
ಒಂದೇ ಕೋಣೆ, ಒಂದೇ ಮೀಟರು, ಏಳು ಚಾರ್ಜರು.

ಒಂದೊಂದು ಗೋಡೆಯ ಆಚೀಚೆ ಒಂದೊಂದು ಮಾತು.
ಜಗಳ ಮಾತ್ರ ಕನ್ನಡದಲ್ಲಿ,
ಎರಡೂ ಕಡೆಗೆ ಅರ್ಥವಾಗಬೇಕಲ್ಲ.
ಬಾಡಿಗೆಗೆ ಬಂದವರನ್ನು ಮೊದಲು ಹೆಸರು ಕೇಳುತ್ತಾರೆ,
ಅಡ್ವಾನ್ಸಿನ ಮಾತು ಆಮೇಲೆ.
ಕೆಲವು ಸಲ ಆಮೇಲೆ ಎಂಬುದೇ ಇರುವುದಿಲ್ಲ.

ನಲವತ್ತೇಳನೇ ನಂಬರಿನ ಮನೆ
ಹಾಸನದ ಹಲ್ಲಿನ ಡಾಕ್ಟರದು.
ಗೃಹಪ್ರವೇಶದ ತೋರಣ ಒಣಗಿ
ಮಾವೋ ಬೇವೋ ತಿಳಿಯದ ಹಾಗಾಗಿದೆ.
ಎರಡು ವರ್ಷ ಅಲ್ಲಿ ನೂರ ಹನ್ನೆರಡು ಅಂದರೆ ನೂರ ಹನ್ನೆರಡೇ.
ಯಂತ್ರದಲ್ಲಿ 'ಬೀಗ' ಒತ್ತಿ ಮುಂದೆ ಹೋಗುತ್ತಿದ್ದೆ.

ಒಂದು ಜುಲೈ, ನೂರ ಹದಿನೈದು.
ಆಗಸ್ಟಿನಲ್ಲಿ ನೂರ ಹದಿನೆಂಟು.

ಕಳ್ಳತನವಾದರೆ ಬರೆದುಕೊಡುವುದು ನನ್ನ ಕೆಲಸ.
ಡ್ಯೂಟಿ ಮುಗಿಸಿ ಸಂಜೆ ಏಳಕ್ಕೆ
ಎದುರಿನ ಜೆಲ್ಲಿರಾಶಿಯ ಮರೆಯಲ್ಲಿ ನಿಂತೆ.
ಬಂದದ್ದು ಪಕ್ಕದ ಮನೆಯ ನಬೀಸುಮ್ಮ.
ಗೇಟು ತೆಗೆದಳು, ಜಗಲಿಯ ಬಲ್ಬು ಹಾಕಿದಳು,
ಗೇಟು ಮುಚ್ಚಿದಳು, ನನ್ನನ್ನು ಕಂಡಳು.

"ಗಿಡಕ್ಕೆ ನೀರು ಹಾಕಿ ಅಂತ ಡಾಕ್ಟರ ಹೆಂಡತಿ ಕೊಟ್ಟ ಬೀಗದಕೈ."
ಗಿಡ ಎಲ್ಲಿ?
"ಅದು ಸತ್ತು ಎಷ್ಟೋ ಕಾಲ ಆಯ್ತು."

ಆಮೇಲೆ ಒಂದೇ ಉಸಿರಿಗೆ:
ಕೂಡ್ಲೂರಿನ ಕ್ಯೂರಿಂಗ್ ಕೆಲಸ ಬಿಟ್ಟು
ಆ ಹುಡುಗರು ಬರುವಾಗ ರಾತ್ರಿ ಹತ್ತೂವರೆ,
ಈ ತಿರುವಿನಲ್ಲಿ ಕೈಗೆ ಕೈ ಕಾಣದು,
ಒಬ್ಬ ಚರಂಡಿಗೆ ಬಿದ್ದು ಗದ್ದ ಹರಿದುಕೊಂಡ,
ಬೀದಿದೀಪ ಕೇಳಿದರೆ ಪಂಚಾಯಿತಿ ಪುರಸಭೆ ಎನ್ನುತ್ತದೆ,
ಪುರಸಭೆ ನಿಮ್ಮನ್ನು ತೋರಿಸುತ್ತದೆ,
"ನೀನು ಇಲ್ಲಿ ಕಲ್ಲಿನ ಹಿಂದೆ ನಿಂತಿದ್ದೀಯ."

ಭಾನುವಾರ ಆ ಹುಡುಗರ ಹಾಡಿನ ಸದ್ದಿಗೆ
ಪೊಲೀಸಿಗೆ ಹೇಳುತ್ತೇನೆಂದು ಕೂಗಾಡಿದವಳೂ ಇವಳೇ.
ಕೇಳಿದೆ. "ಅದು ಬೇರೆ," ಎಂದಳು.
"ಬರಕೊಳ್ತೀಯಾ?"

ಯಂತ್ರದಲ್ಲಿ ಬೀಗ ಇದೆ, ಕೆಟ್ಟ ಮೀಟರು ಇದೆ, ಕಳವು ಇದೆ.
ಇದಕ್ಕೆ ಗುಂಡಿ ಇರಲಿಲ್ಲ.
ಮೂರು ಯೂನಿಟ್ಟು ಎಂದು ಒತ್ತಿ
ಚೀಟಿಯನ್ನು ಯಾರೂ ಇಲ್ಲದ ಬಾಗಿಲಡಿ ತೂರಿದೆ.

ದೀಪಾವಳಿ ಹೊತ್ತಿಗೆ ಡಾಕ್ಟರು ಫೋನು ಮಾಡಿದರು.
ಬೀಗ ಹಾಕಿದ ಮನೆ ಏನು ತಿನ್ನುತ್ತದೆ ಎಂದು ಕೇಳಿದರು.
ಮೀಟರೇ ಹಾಗೆ ಸಾರ್, ನಿಂತಲ್ಲೇ
ಸ್ವಲ್ಪ ಸ್ವಲ್ಪ ತಿರುಗುತ್ತೆ ಎಂದೆ.
ಹಲ್ಲಿನ ಬಗ್ಗೆ ಅವರು ಹೇಳಿದ್ದನ್ನು ನಾನು ನಂಬಿದ ಹಾಗೆಯೇ
ಅವರೂ ನಂಬಿದರು.

ಮೊನ್ನೆ ತಡವಾಗಿ ಆ ದಾರಿಯಲ್ಲಿ ಬಂದೆ.
ಮೈಸೂರಿನ ಕೊನೆಯ ಬಸ್ಸು ಹೊಳೆಯ ಸೇತುವೆ ದಾಟಿ
ಗೇರು ಬದಲಿಸಿದ ಸದ್ದು ಇಲ್ಲಿಯವರೆಗೂ ಬಂತು.
ನಲವತ್ತೇಳರ ಬೆಳಕಿನಲ್ಲಿ ಬಿಪುಲ್ ಕೂತು
ಹೊಸ ಬೂಟಿನ ಲೇಸು ಬಿಚ್ಚುತ್ತಿದ್ದ,
ಹಿಮ್ಮಡಿ ಊದಿತ್ತು.
ಮಾತಾಡಲಿಲ್ಲ. ಕೈ ಎತ್ತಿದ, ನಾನೂ ಎತ್ತಿದೆ.

ತಿರುವಿನಲ್ಲಿ ಬೀದಿದೀಪದ ಕಂಬ ನೆಟ್ಟು
ಈಗ ಎಂಟು ತಿಂಗಳು.
ಸಂಪರ್ಕ ಇನ್ನೂ ಕೊಟ್ಟಿಲ್ಲ.