ತಿರುಪಿಲ್ಲದ ನಲ್ಲಿ

ಟಾರ್ಗೆಟ್ ಮುಟ್ಟಿದ್ದಕ್ಕೆ ಕಂಪನಿಯವರು ಕೊಟ್ಟದ್ದು:
ನಾಲ್ಕು ದಿನ, ಮೂರು ಊರು,
ಅದರಲ್ಲಿ ರೋಮ್‌ಗೆ ಒಂದೇ ದಿನ.
ಚಿಂತಾಮಣಿಯಲ್ಲಿ ಆ ವರ್ಷ
ನನ್ನಷ್ಟು ಸಬ್‌ಮರ್ಸಿಬಲ್ ಯಾರೂ ಮಾರಿರಲಿಲ್ಲ.
ನಾನು ನೆಲಕ್ಕೆ ಇಳಿಸಿದ ಪೈಪನ್ನು ಉದ್ದಕ್ಕೆ ಮಲಗಿಸಿದರೆ
ಅಂಬಾಜಿ ದುರ್ಗಕ್ಕೆ ಹತ್ತು ಸಲ ಹೋಗಿ ಬರಬಹುದು.

ಬೆಳಿಗ್ಗೆ ಎಂಟಕ್ಕೆ ಬಸ್ಸಿಳಿದೆವು,
ಇಪ್ಪತ್ತಮೂರು ಡೀಲರುಗಳು, ಒಂದೇ ಬಣ್ಣದ ಟೋಪಿ.
ಗೈಡಮ್ಮ ಕ್ಲೌದಿಯಾ ಹಳದಿ ಕೊಡೆ ಮಡಚಿ
ಮೇಲಕ್ಕೆತ್ತಿ ನಡೆದಳು.
ಮಳೆಗಲ್ಲ, ಬಿಸಿಲಿಗೂ ಅಲ್ಲ.
ನನಗೆ ಗುರ್ರಪ್ಪ ನೆನಪಾದ.
ಬೇವಿನ ಕವೆಗೋಲು ಮುಂದಕ್ಕೆ ಹಿಡಿದು
ಹೊಲದಲ್ಲಿ ಅವನು ನೀರು ನೋಡುವಾಗ
ಹೀಗೇ ಹಿಂದೆ ಒಂದು ಹಿಂಡು ಜನ,
ಮಾತಾಡಿದರೆ ಸೆಲೆ ತಪ್ಪೀತೆಂದು ಬಾಯಿ ಮುಚ್ಚಿಕೊಂಡು.
ಕೊಡೆ ನಿಂತಿತು. ನಾವೂ ನಿಂತೆವು.
'ಇಲ್ಲೇ' ಅಂದಳು.
ಕಂಪನಿಯ ಹುಡುಗ ಕನ್ನಡ ಮಾಡಿದ:
'ನಿಮ್ಮ ಅಡಿಯಲ್ಲಿ ಎರಡು ಸಾವಿರ ವರ್ಷ ಇದೆಯಂತೆ.'

ನಾನು ವರ್ಷವನ್ನು ಅಡಿಗೆ ಇಳಿಸಿ ನೋಡಿದೆ.
ಮಣ್ಣು, ಮೊರಂ, ಬಿಳಿಕಲ್ಲು,
ಆಮೇಲೆ ಬರೀ ಕರಿಕಲ್ಲು, ಕರಿಕಲ್ಲು.
ಸಾವಿರದ ನಾನೂರರ ಹೊತ್ತಿಗೆ ನಾವು
ಯಾವ ರಾಜನ ಕಾಲದಲ್ಲಿರುತ್ತೇವೆ?
ಅಲ್ಲೂ ಧೂಳೇ ಮೇಲೆ ಬಂದರೆ
ಯಾರನ್ನು ಕೇಳುವುದು?

ಕೊಲೋಸಿಯಂ ಫೋಟೋದಲ್ಲಿದ್ದಷ್ಟೇ ಮುರಿದಿತ್ತು,
ಒಂದು ಕಲ್ಲೂ ಹೆಚ್ಚಿಲ್ಲ.
ಗುಮ್ಮಟದ ಗುಡಿಯೊಂದಕ್ಕೆ ನೆತ್ತಿಯಲ್ಲಿ ತೂತು,
ಇಪ್ಪತ್ತೇಳು ಅಡಿ ಅಗಲ, ಮುಚ್ಚಳವಿಲ್ಲ.
'ಮೇಲಕ್ಕೆ ಕೊರೆದ ಬೋರು,' ಅಂದರು
ಗೌರಿಬಿದನೂರಿನ ಪಾಪಣ್ಣಶೆಟ್ಟರು,
'ಕೇಸಿಂಗೇ ಹಾಕಿಲ್ಲ.'
ನಮ್ಮ ನಗುವಿಗೆ ಕಾವಲಿನವನು ಶ್ ಅಂದ.

ನಾಣ್ಯ ಎಸೆಯುವ ಕೊಳ.
ಬೆನ್ನು ಹಾಕಿ, ಬಲಗೈಯಿಂದ, ಎಡಭುಜದ ಮೇಲೆ;
ಹಾಗೆ ಮಾಡಿದವರು ಮತ್ತೆ ಬರುತ್ತಾರಂತೆ.
ಜೇಬಲ್ಲಿ ಹತ್ತು ರೂಪಾಯಿಯ ಬಿಲ್ಲೆಯಿತ್ತು,
ಚೇಳೂರು ಬಸ್ಸಿನ ಕಂಡಕ್ಟರು 'ನಡೆಯಲ್ಲ' ಅಂತ
ಎರಡು ಸಲ ವಾಪಸು ಕೊಟ್ಟದ್ದು.
ನೀರು ತಕರಾರಿಲ್ಲದೆ ತಗೊಂಡಿತು.

ಊಟ ಮುಗಿದು ಹೊರಟರೆ ಓಣಿಯ ಮೂಲೆಗೆ
ಗಿಡ್ಡ ಕಬ್ಬಿಣದ ಕಂಬ, ಬಗ್ಗಿದ ಮೂಗು,
ಮೂಗಿನಿಂದ ಸುರಿಯುವ ನೀರು.
ಬಿಂದಿಗೆಯಿಲ್ಲ, ಸಾಲಿಲ್ಲ, ಜಗಳವಿಲ್ಲ.
ನೇರ ಚರಂಡಿಗೆ.
ನಿಲ್ಲಿಸಲು ಕೈ ತಾನಾಗಿ ಹೋಯಿತು.
ತಿರುಪು ಹುಡುಕಿದೆ. ಹಿಂದೆ ನೋಡಿದೆ, ಬುಡ ತಡವಿದೆ.
ಮೂವತ್ತು ವರ್ಷ ಮೋಟಾರು ಬಿಚ್ಚಿದ ಕೈ
ಒಂದು ನಲ್ಲಿಯ ಮುಂದೆ ಕುರುಡಾಯಿತು.
ಕ್ಲೌದಿಯಾ ಬಂದು ಮೂಗಿಗೆ ಬೆರಳು ಒತ್ತಿದಳು,
ಮೇಲಿನ ಸಣ್ಣ ತೂತಿನಿಂದ ಛಿಲ್ಲೆಂದು ಚಿಮ್ಮಿ
ನನ್ನ ಕನ್ನಡಕ, ಮೀಸೆ, ಕಂಪನಿಯ ಟೋಪಿ!
ಎಲ್ಲರೂ ನಕ್ಕರು. ನಾನೂ.
ಆದರೆ ಬಸ್ಸು ಹತ್ತುವ ತನಕ ಕಿವಿಯಲ್ಲಿ ಅದೇ ಸದ್ದು,
ನಲ್ಲಿ ನಿಲ್ಲಿಸದೆ ಬೀಗ ಹಾಕಿ ಬಂದ ಮನೆಯ ಹಾಗೆ.

ಒಂದು ಬಾಟಲಿ ತುಂಬಿ ತಂದಿದ್ದೆ.
ಚೇಳೂರು ರಸ್ತೆಯ ಅಂಗಡಿಯಲ್ಲಿ, ಗಲ್ಲಾದ ಪಕ್ಕ,
ವೈಂಡಿಂಗ್ ವಾರ್ನಿಷಿನ ವಾಸನೆಯಲ್ಲಿ ಇಟ್ಟೆ.
ಬಂದವರೆಲ್ಲ ಕೇಳಿದ್ದು ಒಂದೇ:
'ಎಷ್ಟು ಅಡಿಗೆ ಸಿಕ್ಕಿತಂತೆ?'
ಗುರ್ರಪ್ಪ ಕೇಳಲಿಲ್ಲ.
ಮುಚ್ಚಳ ತೆಗೆದು ಅಂಗೈಗೆ ಸುರಿದುಕೊಂಡು
ನಾಲಗೆಗೆ ಮುಟ್ಟಿಸಿ, ಬಹಳ ಹೊತ್ತು
ಎದುರಿಗೆ ನಿಂತ ಬೋರ್‌ವೆಲ್ ಲಾರಿಯ ಕಡೆ ನೋಡಿದ.
'ಇದು ಎದ್ದು ಬಂದ ನೀರಲ್ಲ ಸ್ವಾಮಿ,
ನಡೆದು ಬಂದದ್ದು. ದೂರದಿಂದ.
ಯಾರೋ ದಾರಿ ಹಾಕಿಕೊಟ್ಟಿದ್ದಾರೆ.'

ಬಸ್ಸಿನ ಮೈಕಿನಲ್ಲಿ ಕ್ಲೌದಿಯಾ ಹೇಳಿದ್ದೂ ಅದನ್ನೇ ಇರಬೇಕು,
ಕಿಟಕಿಯಾಚೆ ಸಾಲು ಕಲ್ಲಿನ ಕಮಾನು ತೋರಿಸುತ್ತ.
ನಾನು ತೂಕಡಿಸುತ್ತಿದ್ದೆ.

ಉಳಿದದ್ದನ್ನು ಗುರ್ರಪ್ಪನೇ ಕುಡಿದ.
'ನಾಳೆ ಕೈವಾರದ ಕಡೆ ಒಂದು ಪಾಯಿಂಟ್ ಇದೆ' ಅಂದ,
ಕವೆಗೋಲು ಕಂಕುಳಿಗೆ ಸಿಕ್ಕಿಸಿ ಮೆಟ್ಟಿಲಿಳಿದ.
ರಸ್ತೆಯಲ್ಲಿ ನಿಂತು ತಿರುಗಿ ಕೇಳಿದ:
'ಆ ಹಳದಿ ಕೊಡೆ, ಅಲ್ಲಿ ಎಷ್ಟಾಗುತ್ತೆ?'